ಕ್ಯಾಪ್ಟನ್ ಟೋಪಿಯ ಅಳತೆ

ಶಹಾಪುರದ ಅರ್ಧ ಊರಿನ ಸೊಂಟ ಅಳೆದ ಟೇಲರ್ ನಾನು. ಆದರೆ ನನ್ನ ಯೋಗ್ಯತೆಯ ಅಳತೆ ನಮ್ಮ ಮನೆಯಲ್ಲೇ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಿಯೇ ಬಿಡಬೇಕೆಂದು ಈ ಮೇ ತಿಂಗಳಿಗೆ ಹಿಮಾಲಯದ ಪ್ರವಾಸ ಗೊತ್ತು ಮಾಡಿದೆ. ನೊರೆ ಉಕ್ಕಿಸುವ ನದಿಯಲ್ಲಿ ರಬ್ಬರ್ ದೋಣಿ, ದಡದಲ್ಲಿ ಡೇರೆ, ಕೊನೆಗೆ ಬಿಸಿನೀರಿನ ಬುಗ್ಗೆಯಲ್ಲಿ ಮಂಗಳಸ್ನಾನ! ಬಜಾರಿನ ಎಂಟು ಜನ ಹೆಸರು ಕೊಟ್ಟರು.

ನನ್ನ ಹೆಂಡತಿ ಮೌನಮ್ಮ (ಹೆಸರಿಟ್ಟವರು ಅವಳ ಮಾತು ಕೇಳಿರಲಿಲ್ಲ) ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

"ಬ್ಯಾಸಿಗ್ಯಾಗ ನಮ್ಮ ನಳ ತಿರುವಿದ್ರ ಬಿಸಿನೀರ ಬರ್ತದ. ಅದಕ್ಕ ಹಿಮಾಲಯಕ್ಕ ಯಾಕ ಹೋಗಬೇಕ್ರಿ?"

"ನಿನಗ ತಿಳಿಯಂಗಿಲ್ಲ, ಸುಮ್ನಿರು. ಇದು ಸಾಹಸ."

"ಸಾಹಸ ಅಂತ! ಓಣ್ಯಾಗ ಮಳಿನೀರ ನಿಂತ್ರ ಚಪ್ಪಲಿ ಕೈಯಾಗ ಹಿಡಕೊಂಡು, ಗ್ವಾಡಿ ಹಿಡಕೊಂಡು ಬರ್ತೀರಿ!"

ಮಹಾಕಾರ್ಯಕ್ಕೆ ಹೊರಟವರು ಇಂಥದ್ದಕ್ಕೆಲ್ಲ ಉತ್ತರ ಕೊಡುವುದಿಲ್ಲ. ನಾನು ಮೊಬೈಲಿನಲ್ಲಿ ಪ್ರವಾಸದ ಕಂಪನಿಯ ಫಾರ್ಮು ತುಂಬತೊಡಗಿದೆ. 'ನದಿಯ ಅನುಭವ?' ಎಂದು ಕೇಳಿದ್ದರು. 'ಕೃಷ್ಣೆಯನ್ನು ನಾನೂರು ಸಲ ದಾಟಿದ್ದೇನೆ' ಎಂದು ಬರೆದೆ. (ಬಸ್ಸಿನಲ್ಲಿ, ತಿಂಥಣಿ ಸೇತುವೆಯ ಮೇಲೆ. ಅಷ್ಟೆಲ್ಲ ಬರೆಯಲು ಅವರು ಜಾಗ ಬಿಟ್ಟಿರಲಿಲ್ಲ.) ಮೌನಮ್ಮನ ಹೆಸರಿನ ಮುಂದೆ ಕರುಣೆಯಿಂದ 'ಲಗೇಜು ಕಾಯುವವರು' ಎಂದು ಹಾಕಿದೆ.

ಮರುದಿನವೇ ಕಂಪನಿಯವರು ನನ್ನನ್ನು ತಂಡದ ಕ್ಯಾಪ್ಟನ್ ಮಾಡಿದರು! ನಾನು ಕೆಂಪು ಬಟ್ಟೆಯ ಟೋಪಿ ಹೊಲಿದು, ಹಳದಿ ದಾರದಲ್ಲಿ 'ಕ್ಯಾಪ್ಟನ್' ಎಂದು ಕಸೂತಿ ಹಾಕಿ, ಅಂಗಡಿಯಲ್ಲೇ ಧರಿಸತೊಡಗಿದೆ. ಪಕ್ಕದ ಕಿರಾಣಿ ಅಂಗಡಿಯ ಇಸ್ಮಾಯಿಲಸಾಬರು ದಿನಾ ಮುಂಜಾನೆ ಸಲಾಮು ಹೊಡೆಯುತ್ತಿದ್ದರು. ಅವರು ಆಗಲೇ ಸ್ವೆಟರ್ ಕೊಂಡು, ಶಹಾಪುರದ ಬಿಸಿಲಿನಲ್ಲೇ ಹಾಕಿ ನೋಡಿದ್ದರು.

ಅಷ್ಟರಲ್ಲಿ ಕಂಪನಿಯಿಂದ ಇನ್ನೊಂದು ಸಂದೇಶ ಬಂತು. ಕ್ಯಾಪ್ಟನ್ ದೋಣಿಗೆ ಹುಟ್ಟು ಹಾಕುವ ವಿಡಿಯೋ ಕಳಿಸಬೇಕು. ಇಲ್ಲದಿದ್ದರೆ ಇಡೀ ತಂಡದ ಪ್ರವಾಸವೇ ರದ್ದು. ಎಂಟು ಜನರ ಮುಂದೆ ನನ್ನ ಮಾನ ಈಗ ಒಂದು ಹುಟ್ಟಿನ ಮೇಲೆ ನಿಂತಿತ್ತು.

ಮೌನಮ್ಮನ ತವರು ತಿಂಥಣಿ. ವಿಡಿಯೋ ತೆಗೆಯಲು ಮಗಳು ಸುನಿತಾಳನ್ನೂ ಕರೆದುಕೊಂಡು ಅಲ್ಲಿಗೇ ಹೋದೆವು. ದೋಣಿ ನಡೆಸುವ ಅಮರಪ್ಪ ತನ್ನ ಹರಿಗೋಲು ಕೊಟ್ಟ.

"ಅಳ್ಯಾರ, ಹುಟ್ಟು ಹಿಂಗ ಹಿಡೀರಿ. ನೀರು ನಿಮ್ಮ ಕಡಿ ಎಳೀರಿ. ಅಷ್ಟ ನೋಡ್ರಿ."

ಟೋಪಿ ಸರಿಮಾಡಿಕೊಂಡು ಎಳೆದೆ. ಹರಿಗೋಲು ಮೂರು ಸುತ್ತು ತಿರುಗಿತು. ಹುಟ್ಟು ಕೈಜಾರಿ ತನ್ನ ಪ್ರವಾಸಕ್ಕೆ ತಾನೇ ಹೊರಟಿತು. ದಡದಿಂದ ಹತ್ತು ಮಾರು ದೂರದಲ್ಲಿ ನಾನು ಹರಿಗೋಲಿನ ಅಂಚನ್ನು ತಬ್ಬಿಕೊಂಡು, "ಮೌನಪ್ಪಾ, ಕಾಪಾಡಪ್ಪಾ!" ಎಂದು ತಿಂಥಣಿಯ ದೇವರನ್ನು ಕೂಗಿದೆ.

ಬಂದದ್ದು ಮೌನಮ್ಮ. ಸೆರಗು ಸೊಂಟಕ್ಕೆ ಬಿಗಿದು ಧುಮುಕಿದವಳೇ, ಈಜಿ ಹೋಗಿ ಹುಟ್ಟು ಹಿಡಿದು, ಹರಿಗೋಲು ಅಲುಗದಂತೆ ಹತ್ತಿ ಕೂತಳು.

"ನಡುವ ಸುಮ್ನ ಕುಂದರ್ರಿ. ಅಲುಗಾಡಬ್ಯಾಡ್ರಿ."

ಹರಿಗೋಲು ಸೆಳವು ಸೀಳಿಕೊಂಡು ನಡುಗಡ್ಡೆ ಸುತ್ತಿ ತಿರುಗಿತು. ಆಗ ನಾನು ಅಂಚು ಬಿಟ್ಟು ಕೇಳಿದೆ.

"ಇದನ್ನ ಯಾವಾಗ ಕಲ್ತಿ?"

"ಸಾಲಿಗೆ ಹೋಗೋವಾಗ. ನಡುಗಡ್ಡಿ ಹೊಲಕ್ಕ ನಮ್ಮಪ್ಪಗ ಬುತ್ತಿ ಯಾರ ಒಯ್ತಿದ್ರು ಅಂದ್ಕೊಂಡೀರಿ?"

"ನನಗ ಹೇಳೇ ಇಲ್ಲಲ್ಲ!"

"ನೀವು ಕೇಳಿದ್ರೇನು?"

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಕೇಳಿರಲಿಲ್ಲ. ನಾಚಿಕೆಯಾಯಿತು, ನಿಜ. ಆದರೆ ಒದ್ದೆ ಸೀರೆಯಲ್ಲಿ ಹುಟ್ಟು ಹಾಕುತ್ತ ಕೂತಿದ್ದ ಅವಳನ್ನು ನೋಡಿದಾಗ ಹಿಂದೆಂದೂ ಆಗದಷ್ಟು ಹೆಮ್ಮೆಯಾಯಿತು.

ಸುನಿತಾ ವಿಡಿಯೋವನ್ನು (ನನ್ನ ಪ್ರಾರ್ಥನೆ ಸಮೇತ) ಕಳಿಸಿಬಿಟ್ಟಿದ್ದಳು. ಒಂದು ತಾಸಿನಲ್ಲೇ ಉತ್ತರ ಬಂತು. ಪ್ರವಾಸ ಖಾತ್ರಿ. ಕ್ಯಾಪ್ಟನ್: ಮೌನಮ್ಮ. ಲಗೇಜು ಕಾಯುವವರು: ವಿಶ್ವಾರಾಧ್ಯ ಟೇಲರ್.

ಈಗ ಆ ಟೋಪಿಯನ್ನು ಅವಳ ತಲೆಯ ಅಳತೆಗೆ ಸಣ್ಣ ಮಾಡುತ್ತ ಕೂತಿದ್ದೇನೆ. ಮುಂಜಾನೆ ಇಸ್ಮಾಯಿಲಸಾಬರು ಬಂದು, ಸಲಾಮನ್ನು ನೇರವಾಗಿ ಟೋಪಿಗೇ ಹೊಡೆದು ಕೇಳಿದರು.

"ಟೇಲರ್ ಸಾಹೇಬ್ರ, ಹಂಗಾದ್ರ ನಿಮಗ ಟೋಪಿ ಇಲ್ಲೇನ್ರಿ?"

"ಯಾಕಿಲ್ಲ? ತಯಾರದ ನೋಡ್ರಿ," ಎಂದು ಇನ್ನೊಂದನ್ನು ಎತ್ತಿ ತೋರಿಸಿದೆ. ಅದರ ಮೇಲೆ 'ಕ್ಯಾಪ್ಟನ್ನರ ಗಂಡ' ಎಂದು ಹೊಲಿದಿದ್ದೇನೆ. ಅಕ್ಷರಗಳನ್ನು ಮಾತ್ರ ಅವಳ ಟೋಪಿಗಿಂತ ಎರಡು ಬೆರಳು ದೊಡ್ಡದಾಗಿಯೇ ಹಾಕಿದ್ದೇನೆ.