ಕಯಾಕಿಗೆ ರೆಕ್ಕೆ ಕಟ್ಟಿದ್ದು

ಮಗುಚದ ದೋಣಿಯನ್ನು ಲೋಕದಲ್ಲಿ ಇನ್ನೂ ಯಾರೂ ಮಾಡಿಲ್ಲವೆಂದರೆ ನಾನೇ ಮಾಡುತ್ತೇನೆ ಎಂದು ಹಲ್ಲುಜ್ಜುತ್ತಾ ಶಪಥ ಮಾಡಿದೆ. ಬಾಯ್ತುಂಬ ನೊರೆಯಿದ್ದುದರಿಂದ ಇವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಅಲ್ಲೇ ತಡೆಯುತ್ತಿದ್ದರೋ ಏನೋ.

ವಿಷಯ ಇಷ್ಟೇ. ಇವರು ಆಫೀಸಿನ ಗೆಳೆಯನಿಂದ ಹಳೇ ಕಯಾಕ್ ತಂದಿದ್ದರು. ಕಯಾಕ್ ಎಂದರೆ, ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ತಿರುಳು ಕೆರೆದಂತಿರುವ ದೋಣಿ. ಭಾನುವಾರ ಅದರಲ್ಲಿ ಕೆರೆ ಸುತ್ತಿಸುವುದಾಗಿ ನಾಲ್ಕು ವರ್ಷದ ಮಗಳಿಗೆ ಮಾತೂ ಕೊಟ್ಟುಬಿಟ್ಟಿದ್ದರು. ಅವತ್ತಿನಿಂದ ನನಗೆ ರಾತ್ರಿಯೆಲ್ಲ ದೋಣಿ ಮಗುಚುವ ಕನಸು.

"ನೀರು ಸೊಂಟದಷ್ಟು ಕಣೇ," ಎಂದರು.

"ಯಾರ ಸೊಂಟ? ನಿಮ್ಮದೋ, ಅವಳದೋ?"

ದೋಣಿಗೆ ಅಡ್ಡಕೋಲು ಕಟ್ಟಿ, ಎರಡೂ ತುದಿಗೆ ತೇಲುವ ಪೈಪು ಬಿಗಿದರೆ ಅದು ಮಗುಚುವುದಿಲ್ಲ ಎಂದು ಯಾವುದೋ ವಿಡಿಯೋ ಹೇಳಿತು. ನಲ್ಲಿ ಸಾಮಾನಿನ ಅಂಗಡಿಯಿಂದ ದಪ್ಪ ಪಿವಿಸಿ ಪೈಪು, ಮುಚ್ಚಳ, ಅಂಟು ಬಂದವು. ಸೋಫಾ ಮೂಲೆಗೆ ಹೋಯಿತು, ಹಾಲ್ ಹಡಗುಕಟ್ಟೆಯಾಯಿತು. ಮನೆಯೆಲ್ಲ ಅಂಟಿನ ವಾಸನೆ. ಇವರು ಮೂಗು ಮುಚ್ಚಿಕೊಂಡು ಬಾಲ್ಕನಿಯಲ್ಲಿ ಊಟ ಮಾಡಿದರು.

ಮುಚ್ಚಳ ಹಾಕುವ ಮೊದಲು ತಿರುಗಿ ನೋಡಿದರೆ ಮಗಳು ಪೈಪಿನೊಳಗೆ ಮುಖ ತೂರಿಸಿ ಕೂಗುತ್ತಿದ್ದಾಳೆ. ಅವಳನ್ನು ಹಿಂದಕ್ಕೆಳೆದೆ. ಉಸಿರು ಕಟ್ಟಿದರೆ? ನಮ್ಮ ಮನೆಯಲ್ಲಿ ಆಟಿಕೆ ಡಬ್ಬಿಯಿಂದ ಹಿಡಿದು ಬಟ್ಟೆ ಬುಟ್ಟಿಯವರೆಗೆ ನಾನು ಗಾಳಿಗೆ ತೂತು ಕೊರೆಯದ ವಸ್ತುವಿಲ್ಲ. ಡ್ರಿಲ್ ಕೈಯಲ್ಲೇ ಇತ್ತು. ಪೈಪುಗಳಿಗೂ ಸಾಲಾಗಿ ಕೊರೆದೆ, ಮುಚ್ಚಳ ಅಂಟಿಸಿದೆ, ನೆಮ್ಮದಿಯಾಗಿ ಮಲಗಿದೆ.

ಭಾನುವಾರ, ಮಗಳಿಗಿಂತ ಮೊದಲು ಅಪ್ಪ ಒಬ್ಬರೇ ಕೂತು ತೋರಿಸಲಿ ಎಂದು ಹಟ ಹಿಡಿದೆ. ಕೂತರು. ಹುಟ್ಟು ಹಾಕಿದರು. ದೋಣಿ ರಾಜಗಾಂಭೀರ್ಯದಿಂದ ಹೊರಟಿತು. ದಡದಲ್ಲಿ ನಾನು ಚಪ್ಪಾಳೆಗೆ ಕೈ ಎತ್ತಿದ್ದಷ್ಟೇ, "ಇದೇನೇ ಗುಳುಗುಳು ಸದ್ದು?" ಎಂಬ ಪ್ರಶ್ನೆ ತೇಲಿಬಂತು. ಎಡಗಡೆ ಪೈಪು ಹೊಟ್ಟೆತುಂಬ ನೀರು ಕುಡಿಯುತ್ತಿತ್ತು. ದೋಣಿ ವಾಲಿತು, ಮಗುಚಿತು. ಸೊಂಟಮಟ್ಟದ ನೀರಲ್ಲಿ ಎದ್ದು ನಿಂತ ಇವರ ಕನ್ನಡಕದ ಮೇಲೆ ಪಾಚಿ.

"ಪೈಪಿಗೆ ತೂತು ಯಾಕೆ ಮಾಡ್ದೆ?"

"ಗಾಳಿ ಆಡಲಿ ಅಂತ."

"ಯಾರಿಗೆ?"



ಪೈಪಿನ ರೆಕ್ಕೆ ಬಿಚ್ಚಿ ದಡಕ್ಕೆಸೆದರು. ಬೋಳು ದೋಣಿಯಲ್ಲಿ ಅಪ್ಪ ಮಗಳು ಹಾಯಾಗಿ ಹೊರಟರು. ನಾನು ದಡದುದ್ದಕ್ಕೂ ಅವರ ಜೊತೆಜೊತೆಗೇ ಓಡಿದೆ. ದೋಣಿ ಒಂದಿಷ್ಟೂ ಹೊಯ್ದಾಡಲಿಲ್ಲ. ವಾಪಸು ಬಂದ ಮಗಳು, ಅಮ್ಮನೂ ಬರಲೇಬೇಕೆಂದು ಕಾಲು ಬಡಿದಳು. ಇವರು ಇಳಿದು ದೋಣಿ ಹಿಡಿದರು, ನಾನು ಅವಳ ಹಿಂದೆ ಕೂತೆ. ದೋಣಿ ಗಡಗಡ ನಡುಗತೊಡಗಿತು.

"ರೀ, ಹಿಡ್ಕೊಂಡು ಅಲ್ಲಾಡಿಸ್ಬೇಡಿ," ಎಂದು ರೇಗಿದೆ.

"ನಾನು ಕೈ ಬಿಟ್ಟು ಆಗಲೇ ಎಷ್ಟೊತ್ತಾಯ್ತು," ಎಂದರು.

ಮಗಳು ಹಿಂತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಪ್ಪಾ, ಆ ಪೈಪು ಅಮ್ಮಂಗೆ ಕಟ್ಟು."