ಅಜೈಬಾದಲ್ಲಿ ಗಾಥರು

ಮಸ್ಕತ್ತಿನ ಒಂದು ಶಾಲೆಯಲ್ಲಿ ನಾನು ಇತಿಹಾಸದ ಟೀಚರ್ ಆಗಿದ್ದೆ. ಮೈಸೂರಿನವಳು. ರೋಮ್ ನಗರವನ್ನು ಲೂಟಿ ಮಾಡಿದ ಗಾಥ್ ಜನರ ಮೇಲೆ ನನಗೆ ಕಾಲೇಜು ದಿನಗಳಿಂದಲೂ ವಿಪರೀತ ಪ್ರೀತಿ. ಅವರು ಎಲ್ಲಿಂದ ಬಂದರು, ಏನು ಮಾತಾಡುತ್ತಿದ್ದರು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಯಾರೂ ಎಬ್ಬಿಸಿ ಕೇಳಲಿಲ್ಲ ಎನ್ನುವುದು ಬೇರೆ ಮಾತು. ಆದರೂ ಸತ್ತು ಶತಮಾನಗಳಾದ ಆ ಜನ ಒಮಾನಿನ ಕನ್ನಡದ ಮನೆಗಳಿಗೆ ನುಗ್ಗಿ ಗಲಾಟೆ ಎಬ್ಬಿಸುವುದು ಮಾತ್ರ ನಿಲ್ಲಲಿಲ್ಲ.

ಅತ್ತ ಬಂದರು

ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ದಿನ, "ಗಾಥಿಕ್ ಭಾಷೆಯಲ್ಲಿ ಅಪ್ಪನಿಗೆ 'ಅತ್ತ' ಅಂತಾರೆ" ಎಂದು ಹೇಳಿಕೊಟ್ಟೆ. ಒಬ್ಬ ಹುಡುಗನಿಗೆ ಪದ ಬಹಳ ಹಿಡಿಸಿತು. ಅವನ ಅಪ್ಪನಿಗೆ ದೂರದ ದುಕ್ಮ್ ಬಂದರಿನಲ್ಲಿ ಕೆಲಸ, ರಜೆಗೆ ಕಂಪನಿ ಬಸ್ಸಲ್ಲಿ ಮನೆಗೆ ಬರುತ್ತಿದ್ದರು. ಹುಡುಗ ಫೋನಲ್ಲಿ ಅಪ್ಪನ ಹತ್ತಿರ ಮಾತಾಡಿ, ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೂಗಿದ: "ಅಮ್ಮಾ, ಅತ್ತ ಈಸ್ ಕಮಿಂಗ್ ಟುಮಾರೋ!"

ಅಮ್ಮನಿಗೆ ಕೇಳಿಸಿದ್ದು 'ಅತ್ತೆ.'

"ವೀಸಾ ಕಳಿಸಿದ್ದು ನನಗೊಂದು ಮಾತು ಹೇಳಬಾರದಾ ಈ ಮನುಷ್ಯ?" ಎನ್ನುತ್ತಾ ಆಕೆ ಸೆರಗು ಕಟ್ಟಿದರು. ಫ್ರಿಜ್ಜಿನಲ್ಲಿದ್ದ ಮೊಟ್ಟೆ ಪಕ್ಕದ ಮನೆಗೆ ಹೋಯಿತು. ನೈಟಿಗಳು ಮಂಚದ ಕೆಳಗೆ ಸೇರಿದವು. ಮರುದಿನ ದುಕ್ಮ್‌ನಿಂದ ಧೂಳು ಮೆತ್ತಿಕೊಂಡು ಬಂದ ಗಂಡನಿಗೆ ಬಾಗಿಲಲ್ಲಿ ಕಂಡದ್ದು ರಂಗೋಲಿ, ರೇಷ್ಮೆ ಸೀರೆ, ಆರತಿ ತಟ್ಟೆ. ಅವರ ಕಣ್ಣಲ್ಲಿ ನೀರು ಬಂತು. ಹೆಂಡತಿ ಅವರ ಹಿಂದೆ ಇಣುಕಿ, "ಅತ್ತೆ ಎಲ್ಲಿ?" ಅಂದರು.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಆ ಹುಡುಗನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಇವನು ಗಣಿತ ಮರೆತರೂ ಪರವಾಗಿಲ್ಲ, ಆ ಪದ ಮಾತ್ರ ಮರೆಯದ ಹಾಗೆ ನೋಡ್ಕೊಳ್ಳಿ."

ಕಾಡಿಗೆ

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿದ್ದ ತಾಯಿಯೊಬ್ಬರು ಸಿಟ್ಟಿನಿಂದ ಸ್ಟಾಫ್ ರೂಮಿಗೇ ಬಂದರು. "ನನ್ನ ಮಗಳು ಕಪ್ಪು ಬಟ್ಟೆ, ಕಪ್ಪು ಉಗುರು, ಕಣ್ಣಿನ ಸುತ್ತ ಕಪ್ಪು. ಕೇಳಿದ್ರೆ 'ಐ ಆಮ್ ಅ ಗಾಥ್' ಅಂತಾಳೆ. ನೀವೇ ಕಲಿಸ್ತಿದ್ದೀರಂತೆ!"

ನಾನು ತಾಳ್ಮೆಯಿಂದ ಬಿಡಿಸಿ ಹೇಳಿದೆ. ಅದು ಟೀವಿ ನೋಡಿ ಕಲಿತ ಫ್ಯಾಷನ್ನು, ಹೆಸರು ಮಾತ್ರ ಒಂದೇ. ನಿಜವಾದ ಗಾಥರು ಹೊಲ ಉತ್ತವರು, ಕುದುರೆ ಏರಿದವರು, ತಮ್ಮ ಭಾಷೆಗೆ ಲಿಪಿ ಮಾಡಿಕೊಂಡು ಬೈಬಲ್ಲನ್ನೇ ಅನುವಾದಿಸಿದವರು. ಆಕೆ ಎಲ್ಲ ಕೇಳಿ ಸಮಾಧಾನದ ಉಸಿರು ಬಿಟ್ಟರು.

"ಸರಿ ಮೇಡಂ, ಹಾಗಿದ್ರೆ ಅವಳಿಗೆ ನಿಜವಾದ ಗಾಥ್ ಆಗೋಕೆ ಹೇಳಿ. ಮೈಸೂರಿಂದ ತಂದ ನನ್ನ ಕಾಡಿಗೆಯಾದ್ರೂ ಉಳಿಯುತ್ತೆ."

ಕಫೀಲನ ಭಾಷೆ

ನಮ್ಮ ಮನೆಯಿದ್ದ ಅಜೈಬಾ ಬಡಾವಣೆಯಲ್ಲಿ ನಾವು ಸಾಮಾನು ತರುತ್ತಿದ್ದ ಅಂಗಡಿ ಮಂಗಳೂರು ಕಡೆಯ ಬ್ಯಾರಿ ಸಾಹುಕಾರರದು. ಒಮ್ಮೆ ಅವರಿಗೆ ಕ್ರಿಮಿಯಾದ ಕಥೆ ಹೇಳಿದೆ. ಎಲ್ಲ ಕಡೆ ಗಾಥಿಕ್ ಸತ್ತ ಮೇಲೂ ಕಪ್ಪು ಸಮುದ್ರದ ದಂಡೆಯಲ್ಲಿ ಚೂರು ಉಳಿದಿತ್ತು. ಆ ಪದಗಳನ್ನು ಬರೆದುಕೊಳ್ಳಲು ಯುರೋಪಿನ ರಾಯಭಾರಿಯೊಬ್ಬ ಇಬ್ಬರನ್ನು ಕರೆಸಿದ. ಗಾಥರ ಕುಲದವನಂತಿದ್ದವನಿಗೆ ಭಾಷೆ ಮರೆತೇ ಹೋಗಿತ್ತು! ಅವನ ಜೊತೆ ಬಂದಿದ್ದ ಗ್ರೀಕ್ ಭಾಷೆಯವನು ಅದನ್ನು ಕಲಿತಿದ್ದ, ಅವನೇ ಹೇಳಿಕೊಟ್ಟ.

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. "ಅದು ನಮ್ಮ ಮನೆಯದ್ದೇ ಕಥೆ ಮಾರಾಯ್ರೆ! ನನ್ನ ಮಗನತ್ರ ಬ್ಯಾರಿಯಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ. ನಮ್ಮ ಕಫೀಲ್ ಉಂಟಲ್ಲ, ಲೈಸೆನ್ಸಿನ ಒಮಾನಿ ಯಜಮಾನ, ಅವ ಇಲ್ಲಿ ಕೂತು ಕೂತು ಬ್ಯಾರಿ ಕಲ್ತು ಈಗ ನನ್ನನ್ನೇ ಬ್ಯಾರಿಯಲ್ಲಿ ಬಯ್ತಾನೆ. ನಾಳೆ ಯಾರಾದ್ರೂ ನಮ್ಮ ಭಾಷೆ ಹುಡುಕ್ಕೊಂಡು ಬಂದ್ರೆ ನಾನು ಅರಬಿ ಮನೆಯ ದಾರಿ ತೋರಿಸ್ಬೇಕಷ್ಟೆ. ಖಲಾಸ್!"

ಗೋತ್ರ

ಕನ್ನಡಿಗರ ಕೂಟವೊಂದರಲ್ಲಿ ಗಾಥರ ಮೂಲದ ಬಗ್ಗೆ ಮಾತಾಡಲು ಕರೆದರು. "ಸ್ವೀಡನ್ ಕಡೆಯಿಂದ ಹಡಗಲ್ಲಿ ಬಂದೆವು ಅಂತ ಅವರದೇ ಕಥೆ ಇದೆ. ಪಂಡಿತರಿಗೆ ಅನುಮಾನ. ಪೋಲೆಂಡಿನ ನದಿ ದಡದಿಂದ ಮುಂದಕ್ಕೆ ಮಾತ್ರ ಜಾಡು ಸಿಗುತ್ತದೆ" ಎಂದು ಗಟ್ಟಿಯಾಗಿ ಹೇಳಿದೆ. ವಿಸಿಗಾಥ್ ಎಂಬ ಪಂಗಡದ ಹೆಸರನ್ನೂ ಹೇಳಿದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

"ಅನುಮಾನ ಯಾಕೆ? ವಿಸಿಗಾಥ್ ಅಂದ್ರೆ ವಸಿಷ್ಠ ಗೋತ್ರ. ನಮ್ಮವರೇ!"

ಚಪ್ಪಾಳೆಯೋ ಚಪ್ಪಾಳೆ. ನನ್ನ ಖಂಡನೆ ಯಾರಿಗೂ ಕೇಳಿಸಲಿಲ್ಲ.

ಮರುದಿನ ಸಂಜೆ, ಆ ಕೂಟಕ್ಕೆ ಬಂದಿದ್ದ ಗಂಡ-ಹೆಂಡತಿ, ಅವರ ಎಂಜಿನಿಯರ್ ಮಗ, ಮೂವರೂ ನಮ್ಮ ಮನೆಗೆ ಬಂದರು. ಮಗ ಆಫೀಸಿನ ಸ್ವೀಡಿಷ್ ಹುಡುಗಿಯನ್ನು ಮೆಚ್ಚಿದ್ದ. ಬೇಕಾದಷ್ಟು ಅಳು, ಮುನಿಸು ಎಲ್ಲ ಮುಗಿದು ಮನೆಯವರು ಒಪ್ಪಿಕೊಂಡಿದ್ದರು. ಈಗ ಹೊಸ ವಿಘ್ನ.

"ನಮ್ಮದು ವಸಿಷ್ಠ ಗೋತ್ರ," ಅಂದರು ತಾಯಿ. "ಗಾಥರು ಸ್ವೀಡನ್ನಿನವರಾದ್ರೆ ಆ ಹುಡುಗೀದೂ ಅದೇ ಅಂತ ನಿನ್ನೆ ತಾನೇ ಗೊತ್ತಾಯ್ತು. ಸಗೋತ್ರ ಆಗುತ್ತಲ್ಲ ಮೇಡಂ? ಅಣ್ಣ-ತಂಗಿ!"

ಮಗನ ಮುಖ ಸುಣ್ಣದಂತಾಗಿತ್ತು. ನಾನು ಸೀರೆ ಸರಿ ಮಾಡಿಕೊಂಡು ಪಾಠಕ್ಕೆ ಕೂತೆ. ವಸಿಷ್ಠರಿಗೂ 'ವಿಸಿ'ಗೂ ಸಂಬಂಧವಿಲ್ಲ, 'ಒಳ್ಳೆಯವರು' ಅಂತ ಅದರ ಅರ್ಥವಿರಬಹುದು ಎಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಉತ್ಸಾಹದಲ್ಲಿ, "ಸಂಸ್ಕೃತದ ನಾಮ, ಗಾಥಿಕ್‌ನಲ್ಲಿ ಹೆಸರಿಗೆ ಹೇಳುವ 'ನಮೋ', ಎರಡೂ ಒಂದೇ ಬೇರಿನವು. ಅಷ್ಟು ದೂರದ ನೆಂಟಸ್ತಿಕೆ ಮಾತ್ರ" ಅಂದುಬಿಟ್ಟೆ.

"ನೋಡಿ, ನೆಂಟಸ್ತಿಕೆ ಇದೆ ಅಂತ ನೀವೇ ಒಪ್ಪಿದ್ರಿ!" ತಾಯಿ ಎದ್ದೇ ನಿಂತರು. ಮಗ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ತಂದೆ ಕೈ ಎತ್ತಿದರು. "ಸುಮ್ನಿರೇ. ಆ ಹುಡುಗೀನೇ ಕೇಳೋಣ." ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು ಕೇಳಿದರು: "ಹಲೋ, ವಾಟ್ ಈಸ್ ಯುವರ್ ಗೋತ್ರ?"

ಪಾಪ, ಹುಡುಗಿ ಊರು ಕೇಳುತ್ತಿದ್ದಾರೆಂದು ತಿಳಿದಳು. ಒಂದು ಕ್ಷಣವೂ ತಡೆಯದೆ ಹೇಳಿದಳು: "ಗಾಥೆನ್‌ಬರ್ಗ್, ಅಂಕಲ್!"

ತಂದೆ ಫೋನ್ ಇಟ್ಟು ವಿಜಯಿಯಂತೆ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ? ಗಾಥೆನ್‌ಬರ್ಗ್! ವಸಿಷ್ಠ ಅಲ್ಲವೇ ಅಲ್ಲ. ಎಷ್ಟು ಸಂಸ್ಕಾರ ನೋಡು, ಕೇಳಿದ ತಕ್ಷಣ ಗೋತ್ರ ಹೇಳಿದ್ಲು. ನಿನ್ನ ಮಗನಿಗೆ ತನ್ನ ಗೋತ್ರ ಹೇಳೋಕೆ ಬರುತ್ತಾ?"

ಅದು ಸ್ವೀಡನ್ನಿನ ಒಂದು ಬಂದರು ಎಂದು ಹೇಳಲು ನಾನು ಬಾಯಿ ತೆರೆದೆ. ಅಪ್ಪ-ಅಮ್ಮನ ಬೆನ್ನ ಹಿಂದೆ ಮಗ ಎರಡೂ ಕೈ ಜೋಡಿಸಿ ನಿಂತಿದ್ದ. ತೆರೆದ ಬಾಯಲ್ಲಿ, "ಭಿನ್ನ ಗೋತ್ರ, ಬಹಳ ಪ್ರಶಸ್ತ" ಅಂದೆ.

ಮದುವೆ ಮೈಸೂರಿನಲ್ಲಿ ನಡೆಯಿತು. ರಜೆಯಿತ್ತು, ನಾನೂ ಹೋಗಿದ್ದೆ. ಮುಹೂರ್ತದ ಹೊತ್ತಿಗೆ ಪುರೋಹಿತರು ವಧುವಿನ ಗೋತ್ರ ಕೇಳಿದರು, ವರನ ತಂದೆಯೇ ಹೆಮ್ಮೆಯಿಂದ ಹೇಳಿದರು. ಪುರೋಹಿತರು ಒಂದಿಷ್ಟೂ ಅಳುಕದೆ, ಮೈಕಿನಲ್ಲಿ ಇಡೀ ಛತ್ರಕ್ಕೆ ಕೇಳುವ ಹಾಗೆ ಮಂತ್ರ ಎತ್ತಿದರು:

"ಗಾಥೇನಬರ್ಗ ಗೋತ್ರೋದ್ಭವಾಂ..."