ಹೂಂಗುಟ್ಟುವ ಬೀಳು

ಅಡವಿ ಇಲ್ಲದ ಸೀಮಿಗೆ ಅಡವಿ ಕಾಯೋ ಗಾರ್ಡು ಅಂತ ಹೋದ್ರ ಏನೇನು ಆಗಬಾರದೋ ಅದೆಲ್ಲ ಆಗತೈತಿ. ನನಗಂತೂ ಮ್ಯಾಲಿಂದ ಮ್ಯಾಲೆ ಆತು. ಎಪ್ಪತ್ತನೇ ಇಸವಿ ಸುಮಾರಿಗೆ ನನ್ನನ್ನ ಬಳ್ಳಾರಿಯಿಂದ ಸಿರುಗುಪ್ಪ ಕಡೆ ಹಾಕಿದ್ರು. "ಅಲ್ಲಿ ಕಾಡು ಎಲ್ಲೈತ್ರಿ?" ಅಂತ ಆಫೀಸಿನ ಗುಮಾಸ್ತರನ್ನ ಕೇಳಿದೆ. "ಹೋಗಿ ಹುಡುಕು. ಸಿಕ್ರ ನಮಗೂ ತಿಳಿಸು" ಅಂದ್ರು.

ಸಿಕ್ಕಿದ್ದು ತೆಕ್ಕಲಕೋಟೆ ದಾಟಿದ ಮ್ಯಾಲೆ ಒಂದು ಹುಲ್ಲಿನ ಬೀಳು. ಕಾಲುವಿ ನೀರು ಬಂದು ಸುತ್ತಲಿನ ಎರೆಹೊಲ ಎಲ್ಲ ನೆಲ್ಲಿನ ಗದ್ದಿ ಆಗಿದ್ವು. ನಡುವ ಆ ಬೀಳೊಂದು ನೇಗಿಲು ಕಾಣದಂಗ ಉಳಿದಿತ್ತು. ಮರ ಅನ್ನೋದಿಲ್ಲ, ಬರೇ ಮೊಳಕಾಲುದ್ದದ ಹುಲ್ಲು. ಊರ ಸಾವ್ಕಾರನ ಸ್ವಂತ ಜಮೀನು ಅದು, ನನ್ನ ಅಧಿಕಾರ ಕಾಲುವಿ ಏರಿತನಕ ಅಷ್ಟೇ. ಸಾವ್ಕಾರನಿಗೆ ಅದನ್ನೂ ಗದ್ದಿ ಮಾಡೋ ಆಸೆ ಭಾಳ ಇತ್ತು. ಆದ್ರ ಅವನ ಅವ್ವ, ಕೋಲು ಹಿಡಿದು ನಡಿಯೋ ಮುದುಕಿ, ಬಿಡತಿದ್ದಿಲ್ಲ. "ಅದು ಗುಮ್ಮನ ಬೀಳು. ನಮ್ಮ ಮಾವನೋರ ಕಾಲದಿಂದ ಅದರಾಗ ಗುಮ್ಮ ಅದಾನ. ನೀ ಉತ್ತು ಎಬ್ಬಿಸಬ್ಯಾಡ" ಅನ್ನಾಕಿ.

೧. ಮೊದಲನೇ ಹೂಂ

ನಾ ಹೋದಾಗ ಬ್ಯಾಸಗಿ. ಕಾಲುವಿ ನೀರು ಬಂದ್ ಆಗಿತ್ತು. ನೀರಿನ ಸಪ್ಪಳ ಇಲ್ಲದ ಕಾಲುವಿ ಪಕ್ಕ ಮುಂಜಾನಿ ಮಬ್ಬಿನಾಗ ನಿಂತ್ರ ಕಿವಿ ಮುಚ್ಚಿದಂಗ ಆಗತೈತಿ. ಗಾಳಿ ಒಂಚೂರೂ ಇಲ್ಲ. ಆದ್ರ ಬೀಳಿನ ನಡುವ ಹುಲ್ಲು ಒಂದೇ ಕಡೆ ಸಣ್ಣಗ ಅಲುಗಾಡತಿತ್ತು. ಅಲ್ಲಿತನಕ ಚಿಲಿಪಿಲಿ ಅಂತಿದ್ದ ಗುಬ್ಬಿಗಳೂ ಗಪ್ ಆದ್ವು. ನನಗ ಒಬ್ಬನೇ ಮಾತಾಡಿಕೊಳ್ಳೋ ಚಟ. ಧೈರ್ಯಕ್ಕ ಅಂತ, "ಇಲ್ಲಿ ಯಾರೂ ಇಲ್ಲ ಬಿಡು" ಅಂದೆ.

"ಹೂಂ" ಅಂತು ಹುಲ್ಲು.

ಕಿವಿಗೆ ಕೇಳಿದ್ದಲ್ಲ ಅದು, ಎದಿಗೆ ಕೇಳಿದ್ದು. ಪಕ್ಕೆಲುಬು ನಡುಗಿದ್ವು. ಸೈಕಲ್ಲು ಇತ್ತು ಅನ್ನೋದೂ ಮರೆತು ಮನಿತನಕ ಓಡಿದೆ.

ನನ್ನಾಕಿ ಕುರುಗೋಡಿನಾಕಿ, ಗುಡ್ಡದ ಕರಡಿಗಳ ನಡುವ ಬೆಳೆದಾಕಿ. "ರೀ, ಸರ್ಕಾರಿ ಸೈಕಲ್ಲು ಅಲ್ಲೇ ಬಿಟ್ಟು ಬಂದೀರೇನು? ನಡೀರಿ" ಅಂತ ಸೆರಗು ಸಿಗಿಸಿ ಹೊಂಟೇಬಿಟ್ಲು. ಏರಿ ಮ್ಯಾಲೆ ಮಕಾಡೆ ಮಲಗಿ ನೋಡಿದಿವಿ. ಹುಲ್ಲಿನ ನಡುವ ಒಂದು ಹಕ್ಕಿ. ಹಕ್ಕಿ ಏನು, ಅಷ್ಟೆತ್ತರದ ಆಳು! ಬಿಳಿ ಕುತ್ತಿಗಿ, ತಲಿಮ್ಯಾಲೆ ಕರಿ ಟೊಪ್ಪಿಗಿ. ಕೊರಳ ಚೀಲ ನೆಲಕ್ಕ ತಾಗೋಹಂಗ ಉಬ್ಬಿಸಿ, ಬಾಲ ಬೆನ್ನಮ್ಯಾಲೆ ನಿಗುರಿಸಿ "ಹೂಂ" ಅಂತಿತ್ತು. ಕುರಿ ಕಾಯೋರು ಎರೆಭೂತ ಅನ್ನೋದು ಇದಕ್ಕೇ. ಗದ್ದಿ ಹೆಚ್ಚಾದಂಗ ಒಣ ಹುಲ್ಲು ಹೋಗಿ, ಹುಲ್ಲಿನ ಜೋಡಿ ಇವೂ ಹೋಗಿದ್ವು. ಆ ಸೀಮಿಗೆಲ್ಲ ಹೂಂ ಅನ್ನೋ ಗಂಡು ಅದೊಂದೇ ಉಳಿದಿತ್ತು. ಆ ಬೀಳೂ ಹೋದ್ರ ಅದಕ್ಕ ನಿಲ್ಲಾಕ ನೆಲ ಇಲ್ಲ.

"ಊರಾಗ ಹೇಳಲೇನು, ಇದು ದೆವ್ವ ಅಲ್ಲ ಅಂತ?" ಅಂದೆ.

"ಬಾಯಿ ಮುಚ್ಚಿಕೊಂಡಿರ್ರಿ. ದೆವ್ವ ಅಂದ್ರ ಉಳಿತೈತಿ, ಹಕ್ಕಿ ಅಂದ್ರ ಸಾರಾಗತೈತಿ" ಅಂದ್ಲು.

೨. ಆದೋನಿ ಡ್ರೈವರ್

ಆ ವರ್ಷ ಮುದುಕಿ ಮಗಳ ಮನಿಗೆ ಅಂತ ಬಾದನಹಟ್ಟಿಗೆ ಹೋದ್ಲು. ಅದನ್ನೇ ಕಾಯ್ತಿದ್ದ ಸಾವ್ಕಾರ, ಊರಾಗಿನ ಯಾರೂ ಬೀಳಿನಾಗ ಕಾಲಿಡಲಿಲ್ಲ ಅಂತ ಆದೋನಿಯಿಂದ ಒಬ್ಬ ಡ್ರೈವರನ್ನ ಕರೆಸಿದ. ಬರೇ ತೆಲುಗು ಮನುಷ್ಯ, ಗುಮ್ಮನ ಕಥಿ ಗೊತ್ತಿಲ್ಲದಾಂವ.

ಹೊತ್ತು ಮುಳುಗೋ ಹೊತ್ತಿಗೆ ಟ್ರ್ಯಾಕ್ಟರ್ ಬೀಳಿಗಿಳಿಸಿ, ಬೀಡಿ ಹಚ್ಚಾಕ ಅಂತ ಇಂಜಿನ್ ಬಂದ್ ಮಾಡಿದ. ನಾನು ಏರಿಮ್ಯಾಲೆ ಕೈ ಹಿಸುಕಿಕೊಂತ ಕುಂತಿದ್ದೆ. ಹುಲ್ಲಿನೊಳಗ ಏನೋ ಸರಿದಂಗಾತು.

"ಎವರು?" ಅಂದ ಅಂವ, ಯಾರು ಅಂತ.

"ಹೂಂ."

"ಎವರು ರಾ ಅದಿ?"

"ಹೂಂ."

ಬೀಡಿ ಕೆಳಗ ಬಿತ್ತು. ಸಣ್ಣ ದನಿ ಮಾಡಿ ಕೈ ಮುಗಿದು, "ಪೋನಾ?" ಅಂದ. ಹೋಗ್ಲೇನು ಅಂತ ಕೇಳಿದ್ದು.

"ಹೂಂ."

ಅಪ್ಪಣಿ ಸಿಕ್ಕ ಮ್ಯಾಲೆ ನಿಲ್ಲತಾನೇನು? ಅಲ್ಲಿಂದ ನೇರ ಆದೋನಿಗೇ ಹೋದ. ಟ್ರ್ಯಾಕ್ಟರಿನ ಬೀಗದಕೈ ಅವನ ಸೊಂಟದಾಗ. ಟ್ರ್ಯಾಕ್ಟರ್ ಅಲ್ಲೇ ಹುಲ್ಲಿನ ನಡುವ ನಿಂತು, ಕಾಗಿ ಕುಂತು ಎದ್ದು ಬೆಳ್ಳಗಾತು. ಸಾವ್ಕಾರ ಆಳು ಕಳಿಸಿದ್ರ ಬೀಗದಕೈ ಬಂತು, ಡ್ರೈವರ್ ಬರಲಿಲ್ಲ. ಹೇಳಿ ಕಳಿಸಿದ್ದ: "ಅಲ್ಲಿರೋ ಯಜಮಾನರಿಗೇ ಟ್ರ್ಯಾಕ್ಟರ್ ಕಲಿಸ್ರಿ. ಎಲ್ಲದಕ್ಕೂ ಹೂಂ ಅಂತಾರ, ಒಳ್ಳೆ ಮಂದಿ."

೩. ಜೀಪು ಬಂತು

ಮುಂದ ಒಂದಿನ ಮಧ್ಯಾಹ್ನ ಬಳ್ಳಾರಿ ಕಡೆಯಿಂದ ಒಂದು ಜೀಪು ಬಂತು. ಒಳಗ ಬಂದೂಕು, ಗಾಗಲ್ಲು ಹಾಕಿದ ಷೋಕೀಲಾಲರು. ನಾ ಇದ್ದಿದ್ದಿಲ್ಲ. ನನ್ನಾಕಿನ್ನ ಕೇಳಿದ್ರಂತ, "ಇಲ್ಲಿ ದೊಡ್ಡ ಹಕ್ಕಿ ಎಲ್ಲೈತಮ್ಮ?"

"ಅಯ್ಯ, ಅದು ಇಲ್ಲೆಲ್ಲೈತ್ರಿ? ಮೋಕದ ಕಡೆ ಹೋಗ್ರಿ, ಹಿಂಡು ಹಿಂಡು ಅದಾವ" ಅಂದು ನೀರು ಬಿಟ್ಟ ಗದ್ದಿ ದಾರಿ ತೋರಿಸಿದ್ಲು. ಹೂತ ಜೀಪು ಎತ್ತಾಕ ಎರಡು ಜೋಡಿ ಎತ್ತು ಬೇಕಾದ್ವು. ಸಂಜಿಗೆ ಮೈತುಂಬ ಕೆಸರು ಬಳಕೊಂಡು ವಾಪಸ್ ಬಂದ್ರು. ಆಕಿ ಚೊಂಬು ತುಂಬ ನೀರು ಕೊಟ್ಟು, "ಸಿಕ್ತೇನ್ರಿ ಹಕ್ಕಿ?" ಅಂತ ಕೇಳಿದ್ಲಂತ. ಧೈರ್ಯ ನೋಡ್ರಿ!

ಆದ್ರ ಅವರು ವಾಪಸ್ ಹೋಗೋ ದಾರಿಯಾಗ ಬೀಳಿನ ಕಡೆಯಿಂದ ಒಂದೇ ಒಂದು ಗುಂಡಿನ ಸಪ್ಪಳ ಕೇಳಿತು.

ಮರುದಿನ ಬೀಳು ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಹುಲ್ಲು ತುಳಿದು ಹುಡುಕಿದಿವಿ, ಒಂದು ಪುಕ್ಕ ಸಿಗಲಿಲ್ಲ, ರಕ್ತ ಸಿಗಲಿಲ್ಲ. ಗುಮ್ಮ ಇದ್ದಾಗ ನನಗ ಅಷ್ಟು ಹೆದರಿಕಿ ಆಗಿದ್ದಿಲ್ಲ. ಈಗ ಆ ಬೀಳಿನ ಅಂಚಿಗೆ ನಿಂತು, "ಯಾರದೀರಿ?" ಅಂತ ನಾನೇ ಕೂಗಿ, ಉತ್ತರ ಬರದಿದ್ದಾಗ ಮೈಯೆಲ್ಲ ಮುಳ್ಳು ಏಳತಿತ್ತು. ದೆವ್ವ ವಾಪಸ್ ಬರಲಪ್ಪ ಅಂತ ದೇವರಿಗೆ ಕಾಯಿ ಒಡೆದಾಂವ ಈ ಜಿಲ್ಲಾದಾಗ ನಾನೊಬ್ಬನೇ ಇರಬೇಕು.

೪. ಗಡಿಗಿ

ವರ್ಷ ಕಳೀತು. "ಗುಮ್ಮ ಬಿಟ್ಟು ಹೋದ. ಇನ್ನ ತಡ ಯಾಕ?" ಅಂತ ಸಾವ್ಕಾರ ಮತ್ತ ಸುರು ಮಾಡಿದ. ಆದ್ರೂ ಮುದುಕಿ, "ಪದ್ಧತಿ ಬಿಡಬ್ಯಾಡ. ಕಾರಹುಣ್ಣಿಮಿ ಮುಂಜಾನಿ ನಾನೇ ಅಪ್ಪಣಿ ಕೇಳ್ತೀನಿ. ಈ ಜಾಗ ನಿಂದೇನು ಅಂತ ಮೂರು ಸಲ ಕೇಳ್ತೀನಿ. ಗುಮ್ಮ ಸುಮ್ಕಿದ್ರ ಜಾಗ ನಿಂದು, ಉತ್ತುಕೋ" ಅಂದ್ಲು.

ನನ್ನಾಕಿ ತವರಿನಿಂದ ತಂದ ಒಂದು ಸಣ್ಣ ಗಡಿಗಿ ನನ್ನ ಕೈಗಿಟ್ಟು, "ಇದರಾಗ ಬಾಯಿಟ್ಟು ಹೂಂ ಅನ್ರಿ" ಅಂದ್ಲು. ಮನ್ಯಾಗ ಎಂಟು ದಿನ ತಾಲೀಮು. ಪಕ್ಕದ ಮನಿಯಾಕಿ ಬಂದು, "ನಿಮ್ಮ ಯಜಮಾನ್ರಿಗೆ ಹೊಟ್ಟಿ ಭಾಳ ನೋಯಾಕತ್ತೈತೇನ್ರಿ?" ಅಂತ ಓಮಿನ ಕಾಳು ಕೊಟ್ಟು ಹೋದ್ಲು.

ಆ ಮುಂಜಾನಿ ಬೆಳಕು ಹರಿಯೋ ಮೊದಲೇ ಹೋಗಿ ಹುಲ್ಲಿನಾಗ ಮಲಗಿದೆ. ಊರೇ ಬಂದು ಅಂಚಿಗೆ ನಿಂತಿತು. ಮುದುಕಿ ಕಾಯಿ ಒಡೆದು ಕೂಗಿದ್ಲು: "ಈ ಜಾಗ ನಿಂದೇನಪ್ಪಾ?" ಗಡಿಗಿ ಎತ್ತಾಕ ಹೋದ್ರ, ಮಳಿ ಕಾಣದ ಎರೆ ನೆಲ ನೋಡ್ರಿ, ಬಾಯಿ ಬಿಟ್ಟು ಬಿರಿತಿರತೈತಿ, ಗಡಿಗಿ ಜಾರಿ ಬಿರುಕಿನಾಗ ಸಿಕ್ಕಿಕೊಂಡಿತ್ತು! ಮುದುಕಿ ಎರಡನೇ ಸಲ ಕೂಗಿದ್ಲು. ಜಗ್ಗಿದೆ. ಗಡಿಗಿ ಒಳಗೇ ಉಳಿದು ಅದರ ಕಂಠ ಅಷ್ಟೇ ಕೈಗೆ ಬಂತು. ಮೂರನೇ ಸಲ ಕೂಗಿದ್ಲು. ಟ್ರ್ಯಾಕ್ಟರ್ ಮ್ಯಾಲೆ ಕುಂತ ಸಾವ್ಕಾರ ಮೀಸಿ ತಿರುವಿದ. ಮುಗೀತು ಅಂತ ನಾ ಕಣ್ಣು ಮುಚ್ಚಿದೆ. ಅಳು ಬಂತು.

"ಹೂಂ."

ನನ್ನ ಹಿಂದ. ಬೆನ್ನಿಗೆ ಬಿಸಿ ಉಸಿರು ತಾಗೋವಷ್ಟು ಹತ್ರ.

ಅದು ಹಕ್ಕಿ ಅಂತ ಇಡೀ ಊರಾಗ ಗೊತ್ತಿದ್ದ ಗಂಡಸು ನಾನೊಬ್ಬನೇ. ಮೊದಲು ಓಡಿದಾಂವನೂ ನಾನೇ. ಗಡಿಗಿ ಕಂಠ ಕೈಯಾಗ ಹಿಡಿದು, "ಯವ್ವಾ!" ಅಂತ ಹುಲ್ಲಿನಿಂದ ಜಿಗಿದೆ. "ಗುಮ್ಮ ಖಾಕಿ ಹಾಕ್ಯಾನೋ!" ಅಂತ ಸಾವ್ಕಾರ ಟ್ರ್ಯಾಕ್ಟರಿನಿಂದ ಹಾರಿದ. ಊರಿಗೆ ಊರೇ ಓಡಿತು. ಓಡದೆ ಉಳಿದಾಕಿ ಮುದುಕಿ ಒಬ್ಬಾಕಿ.

ಸಂಜಿಗೆ ಆಕಿ ನಮ್ಮ ಮನಿಗೆ ಬಂದು ನನ್ನ ಟೊಪ್ಪಿಗಿ ಕಟ್ಟಿಮ್ಯಾಲಿಟ್ಟು, "ಗಾರ್ಡಪ್ಪ, ಗುಮ್ಮ ಇದನ್ನ ಬಿಟ್ಟು ಹೋಗಿದ್ದ" ಅಂದು ಹೋದ್ಲು.

"ಹಿಂದ ನಿಂತಿದ್ದು ಹಕ್ಕಿನೋ ದೆವ್ವನೋ, ತಿರುಗಿ ನೋಡಲಿಲ್ಲೇನ್ರಿ?" ಅಂತ ನನ್ನಾಕಿ ಕೇಳಿದ್ಲು.

"ತಿರುಗಿ ನೋಡಾಕ ನನಗೇನು ಹುಚ್ಚು ಹಿಡಿದೈತೇನು?" ಅಂದೆ.

೫. ಬಾಣಂತಿ

ಎರಡು ತಿಂಗಳಿಗೆ ಸಾವ್ಕಾರನಿಗೆ ಅನುಮಾನ ಬಂತು. ಗುಮ್ಮನಿಗೆ ಖಾಕಿ ಯಾರು ಹೊಲಿದು ಕೊಟ್ರು? ಶ್ರಾವಣದಾಗ ಒಂದು ಮುಂಜಾನಿ ನನ್ನ ಮನಿ ಮುಂದೇ ಟ್ರ್ಯಾಕ್ಟರ್ ನಿಲ್ಲಿಸಿ, "ಗಾರ್ಡ್, ಇವತ್ತು ಬೀಳು ಉಳತೀನಿ. ನಿನ್ನ ಗಡಿಗಿ ತರೋದಿದ್ರ ತಾ" ಅಂದು ಹೋದ. ಅದೇ ಹೊತ್ತಿಗೆ ಕುರಿ ಕಾಯೋ ಅಜ್ಜ ಒಬ್ಬ ಏದುಸಿರು ಬಿಟ್ಟುಕೊಂತ ಬಂದು, "ಬೀಳಿನಾಗ ತತ್ತಿ ಐತಿ" ಅಂದ.

ನಾನು ಬೀಳಿಗೆ ಓಡಲಿಲ್ಲ, ಮುದುಕಿ ಹತ್ರ ಓಡಿದೆ. "ಅವ್ವಾ, ಗುಮ್ಮ ಅಂದ್ರ..." ಅಂತ ಎಲ್ಲಾ ಹೇಳಾಕ ಬಾಯಿ ತೆಗೆದೆ. "ನಡಿ, ನಡಿ" ಅಂತ ಕೋಲು ತಗೊಂಡು ಎದ್ಲು.

ಹೋಗೋದರಾಗ ಟ್ರ್ಯಾಕ್ಟರ್ ಬೀಳಿನ ಅರ್ಧಕ್ಕ ಬಂದಿತ್ತು. ಅದರ ಮುಂದ, ಬರೀ ನೆಲದ ಮ್ಯಾಲೆ ಒಂದೇ ಒಂದು ತತ್ತಿ. ಪಕ್ಕದಾಗ ಹೆಣ್ಣು ಹಕ್ಕಿ ರೆಕ್ಕಿ ಅಗಲ ಮಾಡಿ, ಇಂಜಿನ್ನಿಗೆ ಎದುರಾಗಿ ನಿಂತಿತ್ತು. ಓಡಿಹೋಗಿದ್ದಿಲ್ಲ ಅದು. ನಾನು ಕಾರಹುಣ್ಣಿಮಿ ದಿನ ಓಡಿದ್ದು ನೆನಪಾಗಿ ನಾಚಿಕಿ ಬಂತು.

"ಬಂದ್ ಮಾಡಲೇ ಅದನ್ನ!" ಮುದುಕಿ ಚೀರಿದ್ಲು. "ಬಾಣಂತಿ ಅದಾಳ ಅಲ್ಲಿ!"

"ಅವ್ವಾ, ಅದು ಹಕ್ಕಿ. ಗುಮ್ಮ ಇಲ್ಲ, ಏನಿಲ್ಲ. ಬರೇ ಹಕ್ಕಿ!" ಅಂದ ಟ್ರ್ಯಾಕ್ಟರ್ ಮ್ಯಾಲಿನ ಸಾವ್ಕಾರ.

"ಹಕ್ಕಿ ಆದ್ರ ಬಾಣಂತಿ ಅಲ್ಲೇನು? ನೀ ಹುಟ್ಟಿದಾಗ ನನ್ನ ಬಾಣಂತನದ ಕ್ವಾಣಿ ಮ್ಯಾಲೆ ಯಾವನರ ಟ್ರ್ಯಾಕ್ಟರ್ ಹೊಡದಿದ್ನೇನು?"

ಇಂಜಿನ್ ಬಂದ್ ಆತು. ಹುಲ್ಲು ಗಪ್ ಆತು, ಗಾಳಿ ನಿಂತಿತು. ಮೊದಲನೇ ದಿನದ್ದೇ ಆ ಮೌನ ನನ್ನ ಕಿವಿ ತುಂಬಿತು. ಮುದುಕಿ ಕೋಲು ಊರಿ ಮಗನ ಮುಂದ ನಿಂತ್ಲು.

"ಮರಿ ಹೊರಗ ಬರೋತನಕ ನಾಯಿ ನರಿ ಬರದಂಗ ಇಲ್ಲೇ ಏರಿಮ್ಯಾಲೆ ಕುಂತು ಕಾಯ್ತೀಯೋ ಇಲ್ಲೋ?"

ಸಾವ್ಕಾರ ನನ್ನ ನೋಡಿದ, ಹಕ್ಕಿ ನೋಡಿದ, ಅವ್ವನ ಕೋಲು ನೋಡಿದ. ತಲಿ ತಗ್ಗಿಸಿ, "ಹೂಂ" ಅಂದ.

ಗುಮ್ಮನ ಹೂಂ ಮುಂದ ಅದು ಏನೇನೂ ಅಲ್ಲ ಬಿಡ್ರಿ.